ಎಲ್ಲರಿಗೂ ಜಾಗವಿರುವ ಮೇಜು

ಆ ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಬೆಳಿಗ್ಗೆ ಎಂಟೂವರೆಗೆ, ಮಧ್ಯಾಹ್ನ ಒಂದಕ್ಕೆ, ರಾತ್ರಿ ಎಂಟಕ್ಕೆ ಅದು ಊಟದ ಮೇಜು. ಉಳಿದ ಹೊತ್ತು ಸೊಸೆಯ ಆಫೀಸು. ದಿನಕ್ಕೆ ಮೂರು ಸಲ ಅವಳು ಲ್ಯಾಪ್‌ಟಾಪು, ಚಾರ್ಜರು, ನೋಟ್‌ಬುಕ್ಕು, ಕನ್ನಡಕದ ಡಬ್ಬಿ ಎಲ್ಲವನ್ನೂ ಬಾಚಿ ಫ್ರಿಜ್ಜಿನ ತಲೆಯ ಮೇಲೆ ಏರಿಸಬೇಕು. ಊಟವಾದ ಮೇಲೆ ಮೇಜು ಒರೆಸಿ, ಒಣಗಲು ಬಿಟ್ಟು, ಮತ್ತೆ ಎಲ್ಲವನ್ನೂ ಇಳಿಸಬೇಕು. ಈ ಕೆಲಸ ಹಿಡಿದು ನಾಲ್ಕು ವರ್ಷ. ಇಷ್ಟರಲ್ಲಿ ಎಷ್ಟು ಸಲ ಏರಿಸಿ ಇಳಿಸಿರಬಹುದು ಎಂದು ಒಮ್ಮೆ ಎಣಿಸಲು ಹೊರಟವಳು ಅರ್ಧಕ್ಕೇ ಬಿಟ್ಟಿದ್ದಳು. ಗೊತ್ತಾಗಿ ಆಗಬೇಕಾದ್ದೇನೂ ಇರಲಿಲ್ಲ.

ಸಣ್ಣಪುಟ್ಟ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುವುದು ಅವಳ ಕೆಲಸ. ಬೇಕರಿ, ಡ್ರೈವಿಂಗ್ ಸ್ಕೂಲು, ಬೀಗ ರಿಪೇರಿಯವನು, ಹೀಗೆ. ಗಂಡ ಲಿಫ್ಟ್ ಮೆಕ್ಯಾನಿಕ್ಕು. ಹಗಲೆಲ್ಲ ಯಾರದೋ ಕಟ್ಟಡದ ಬಾವಿಯಂಥ ಕತ್ತಲೆಯಲ್ಲಿ ನೇತಾಡಿ ಬರುತ್ತಿದ್ದ. ಮಾವ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿ ನಿವೃತ್ತರಾದವರು. ಡಿಪೋ ಅವರನ್ನು ಬಿಟ್ಟರೂ ಅವರು ಟೈಮನ್ನು ಬಿಟ್ಟಿರಲಿಲ್ಲ.

"ಒಂದಕ್ಕೆ ಎರಡು ನಿಮಿಷ ಇದೆ," ಎನ್ನುತ್ತ ಮೇಜಿನ ಹತ್ತಿರ ಬಂದು ನಿಲ್ಲುವರು.

"ಇದೊಂದು ಸಾಲು ಮುಗಿಸಿಬಿಡ್ತೀನಿ ಮಾವ."

"ಮುಗಿಸಮ್ಮ. ನಾನೇನು ಓಡಿಸ್ತಿದೀನಾ? ಟೈಮ್ ಹೇಳ್ದೆ ಅಷ್ಟೆ."

ಅಷ್ಟರಲ್ಲಿ ಅತ್ತೆ ಬಿಸಿ ಅನ್ನದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಂದು, "ಎಲ್ಲಿಡ್ಲಿ ಇದನ್ನ? ಕೀಬೋರ್ಡ್ ಮೇಲೆ ಇಡ್ಲಾ?" ಎನ್ನುವರು. ಸಾಲು ಅಲ್ಲಿಗೇ ನಿಲ್ಲುತ್ತಿತ್ತು.

ಹೀಗಿರುವಾಗ ಎರಡು ಬೀದಿ ಆಚೆ, ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆ ಖಾಲಿಯಾದವು. ಸುದ್ದಿ ತಂದವನು ಗಂಡನೇ. ದರ್ಜಿ ಒಳ್ಳೆಯವನು. "ಸುಣ್ಣ ಬಣ್ಣ ಆಗ್ಬೇಕು, ಮುಂದಿನ ತಿಂಗಳ ಕೊನೆವರೆಗೂ ಯಾರಿಗೂ ಕೊಡಲ್ಲ. ನೋಡಿ ಹೇಳಿ," ಎಂದು ಬೀಗದ ಕೈಯನ್ನೇ ಕೊಟ್ಟುಬಿಟ್ಟಿದ್ದ. ಇಬ್ಬರೂ ಹೋಗಿ ನೋಡಿದರು. ಗಂಡ ಟೇಪು ಹಿಡಿದು ಗೋಡೆ ಅಳೆದ. ಅವಳು ಅಳೆಯಲಿಲ್ಲ. ಒಳಗಿನ ಚಿಕ್ಕ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಅದನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿಕೊಂಡು ಒಂದು ನಿಮಿಷ ಸುಮ್ಮನೆ ನಿಂತಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಬಚ್ಚಲುಮನೆ ಬಿಟ್ಟರೆ ಅವಳೊಬ್ಬಳೇ ಒಳಗಿದ್ದು ಮುಚ್ಚಿಕೊಂಡ ಬಾಗಿಲು ಅದೇ ಮೊದಲು.

"ಭಾನುವಾರ ಊಟ ಆದ್ಮೇಲೆ ಅಪ್ಪ ಅಮ್ಮಂಗೆ ಹೇಳ್ತೀನಿ," ಎಂದ ಗಂಡ.

"ಖಂಡಿತ ಹೇಳ್ತೀರಾ?"

"ಹೇಳ್ತೀನಿ ಅಂದ್ನಲ್ಲ."

ಆ ವಾರವೇ ಹಲ್ಲಿನ ಡಾಕ್ಟರು ಗಂಟು ಬಿದ್ದದ್ದು. ಅವರಿಗೆ ವೆಬ್‌ಸೈಟ್ ಮಾಡಿ ತೋರಿಸಿದರೆ ಚಿತ್ರ ನೋಡಿ ಮುಖ ಸಿಂಡರಿಸಿದರು.

"ಈ ಸೊಪ್ಪು ತಿಂತಾ ನಗೋ ಹೆಂಗಸು ಬೇಡ ಕಣ್ರೀ. ಪಕ್ಕದ ಔಷಧಿ ಅಂಗಡಿ ಸೈಟಲ್ಲೂ ಇವಳೇ. ಡ್ರೈವಿಂಗ್ ಸ್ಕೂಲಲ್ಲೂ ಇವಳೇ. ನಿನ್ನೆ ನೋಡಿದ್ರೆ ಹೆಣ ಸಾಗಿಸೋ ವ್ಯಾನಿನವರ ಪೇಜಲ್ಲೂ ಹಿಂಗೇ ಹಲ್ಲು ಕಿರಿತಾ ಕೂತಿದಾಳೆ!"

ಸೊಸೆ ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೂರೂ ಕಡೆ ಆ ಹೆಂಗಸನ್ನು ಕೂರಿಸಿದವಳು ತಾನೇ.

"ಮನೆಮಂದಿ ಎಲ್ಲ ಕೂತು ಊಟ ಮಾಡ್ತಿರೋದು ಹಾಕಿ. ನಮ್ಮ ಥರ ಕಾಣಬೇಕು. ಬಿಟ್ಟಿ ಸಿಕ್ಕಿದ್ರೆ ಒಳ್ಳೇದು."

ಬಿಟ್ಟಿ ಸಿಗುವ ಚಿತ್ರಗಳ ಲೋಕವೇ ಬೇರೆ. ಅಲ್ಲಿ ಎಲ್ಲರದೂ ಬಿಳಿ ಸೋಫಾ, ಬಿಳಿ ಅಂಗಿ. ಅಡುಗೆಮನೆಯಲ್ಲಿ ಎಣ್ಣೆಯ ಜಿಡ್ಡಿಲ್ಲ. ಮುದುಕರು ಕೂಡ ಓಡುತ್ತಿರುತ್ತಾರೆ. ಎರಡು ದಿನ ಹುಡುಕಿ ಅವಳಿಗೆ ಕಣ್ಣು ಉರಿಯತೊಡಗಿತು. ಒಳ್ಳೆಯದು ಕಂಡರೆ ಅದಕ್ಕೆ ದುಡ್ಡು. ಡಾಕ್ಟರು ಬಿಚ್ಚುವ ಕುಳವಲ್ಲ. ಅವಳು ಸಾಮಾನ್ಯವಾಗಿ ಹೋಗುತ್ತಿದ್ದ ಸೈಟೊಂದರಲ್ಲಿ ಕೊಡುಕೊಳ್ಳುವ ಏರ್ಪಾಟು ಇತ್ತು. ನೀವು ತೆಗೆದ ಒಂದು ಫೋಟೊ ಕೊಟ್ಟರೆ ದುಡ್ಡಿನ ಚಿತ್ರಗಳಲ್ಲಿ ಹತ್ತನ್ನು ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಅವಳು ಈಗಾಗಲೇ ಮನೆಯ ನಲ್ಲಿ, ಸ್ಟೀಲ್ ಲೋಟ, ಬಟ್ಟೆ ಒಣಹಾಕಿದ ಹಗ್ಗ, ಮಾವನ ಚಪ್ಪಲಿ ಎಲ್ಲವನ್ನೂ ಕೊಟ್ಟು ಮುಗಿಸಿದ್ದಳು. ಮನುಷ್ಯರಿರುವ ಫೋಟೊಗೆ ಹತ್ತಲ್ಲ, ಐವತ್ತು.

ಭಾನುವಾರ ಊಟಕ್ಕೆ ಕೂತಾಗ ಅವಳು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕಪಾಟಿನ ಮೇಲಿಟ್ಟಳು.

"ಏನದು?" ಎಂದರು ಅತ್ತೆ.

"ಒಂದು ಫೋಟೊ ಅತ್ತೆ. ಕೆಲಸಕ್ಕೆ."

"ನಾನೇನೂ ನಗಲ್ಲ."

ಅತ್ತೆಗೆ ಮೂರು ವಾರದಿಂದ ನಗೆಯೇ ಇರಲಿಲ್ಲ. ಅವರ ಒಳ್ಳೆಯ ಛತ್ರಿಯನ್ನು ಮಾವ ಯಾವನೋ ಹಳೆಯ ಡ್ರೈವರಿಗೆ ಕೊಟ್ಟು ಕಳಿಸಿದ್ದರು. ಅಂದಿನಿಂದ ಗಂಡಹೆಂಡಿರ ಮಾತೆಲ್ಲ ಮೊಮ್ಮಗಳು ಗುಬ್ಬಿಯ ಮೂಲಕ. "ನಿಮ್ಮ ತಾತಂಗೆ ಕೇಳು, ಇನ್ನೂ ಅನ್ನ ಬೇಕಾ ಅಂತ." ಒಂಬತ್ತು ವರ್ಷದ ಗುಬ್ಬಿ ಈ ಕೆಲಸಕ್ಕೆ ಚಾಕೊಲೇಟು ವಸೂಲು ಮಾಡುತ್ತಿದ್ದಳು.

ಸೊಸೆ ಹತ್ತು ಸೆಕೆಂಡಿನ ಟೈಮರ್ ಒತ್ತಿ ಓಡಿಬಂದಳು. ಕೂರಲು ಹೋದರೆ ಅತ್ತೆ, "ಬೇಳೆ ಬಡಿಸಿ ಕೂತ್ಕೊ, ಅವನ ತಟ್ಟೆ ಖಾಲಿ ಇದೆ," ಎಂದರು. ಸೌಟು ಎತ್ತಿಕೊಂಡಳು. ಮಾವ ಕೈಗಡಿಯಾರ ನೋಡುತ್ತ, "ಐದು... ನಾಲ್ಕು... ಮೂರು... ಹತ್ಕೊಳ್ಳಿ ಹತ್ಕೊಳ್ಳಿ... ರೈಟ್, ರೈಟ್!" ಎಂದು ಮೇಜನ್ನು ಬಸ್ಸಿನ ಬಾಗಿಲಿನ ಹಾಗೆ ಎರಡು ಸಲ ಬಡಿದರು. ಅತ್ತೆಗೆ ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅವರು ನಕ್ಕದ್ದು ನೋಡಿ ಎಲ್ಲರೂ ನಕ್ಕರು.

ಫೋಟೊ ಅಪರೂಪಕ್ಕೆ ಚೆನ್ನಾಗಿ ಬಂದಿತ್ತು. ಅತ್ತೆ, ಮಾವ, ಗಂಡ, ಗುಬ್ಬಿ, ನಾಲ್ವರ ನಗುವೂ ನಿಜವಾದ ನಗು. ಸೊಸೆ ಮಾತ್ರ ಚೌಕಟ್ಟಿನಲ್ಲಿ ಪೂರ್ತಿ ಸಿಕ್ಕಿರಲಿಲ್ಲ. ಬಲಗಡೆಯಿಂದ ಅವಳ ಕೈಯೊಂದು ಒಳಗೆ ಬಂದಿತ್ತು; ಕೈಯಲ್ಲಿ ಸೌಟು, ಮಣಿಕಟ್ಟಿನಲ್ಲಿ ಅತ್ತೆ ಕೊಟ್ಟ ಹಳೆಯ ಬಳೆ.

ಊಟ ಮುಗಿದು ಗಂಡ ಕೈ ತೊಳೆದು ಬಂದಾಗ ಅವಳು ಕಣ್ಣಲ್ಲೇ ಕೇಳಿದಳು. ಅವನು ಅವಳನ್ನು ಅಡುಗೆಮನೆಗೆ ಕರೆದು, "ಇವತ್ತು ಬೇಡ ಕಣೆ. ಅಮ್ಮ ಎಷ್ಟು ದಿನದ ಮೇಲೆ ನಗ್ತಿದಾಳೆ, ನೋಡು," ಎಂದ.

ಆ ಮಧ್ಯಾಹ್ನವೇ ಅವಳು ಫೋಟೊವನ್ನು ಸೈಟಿಗೆ ಏರಿಸಿದಳು. 'ಚಿತ್ರದಲ್ಲಿರುವ ಎಲ್ಲರ ಒಪ್ಪಿಗೆ ಇದೆಯೇ?' ಎಂದಿತ್ತು. ಟಿಕ್. 'ಯಾರು ಬೇಕಾದರೂ, ಯಾವುದಕ್ಕೆ ಬೇಕಾದರೂ, ಬದಲಾಯಿಸಿಯೂ ಬಳಸಬಹುದು. ಒಮ್ಮೆ ಕೊಟ್ಟದ್ದನ್ನು ಹಿಂಪಡೆಯಲಾಗದು.' ಟಿಕ್. ಯಾರನ್ನೂ ಕೇಳಿರಲಿಲ್ಲ. ಲೋಟ, ನಲ್ಲಿಗಳನ್ನು ಕೇಳಿ ಕೊಟ್ಟಿದ್ದಳೇ?

ತಮಾಷೆಯೆಂದರೆ ಡಾಕ್ಟರಿಗೆ ಆ ಫೋಟೊ ಬೇಡವಾಯಿತು. "ಚೆನ್ನಾಗಿದೆ. ಆದ್ರೆ ನಿಮ್ಮ ಮಾವನವ್ರಿಗೆ ಮುಂದಿನ ಹಲ್ಲೇ ಇಲ್ವಲ್ರೀ. ನಂದು ಹಲ್ಲಿನ ಕ್ಲಿನಿಕ್ಕು." ಕೊನೆಗೆ ಅವರು ಒಂದು ದೊಡ್ಡ ದವಡೆ ಹಲ್ಲಿನ ಚಿತ್ರ ಹಾಕಿಸಿಕೊಂಡು ತೃಪ್ತರಾದರು.

ಎರಡು ಭಾನುವಾರ ಕಳೆದವು. ಒಂದು ಸಲ ಮಾವನಿಗೆ ನೆಗಡಿ, ಇನ್ನೊಂದು ಸಲ ಗಂಡನಿಗೆ ತುರ್ತು ರಿಪೇರಿ. ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದರು. ಬೀಗದ ಕೈ ಅವಳ ಪರ್ಸಿನಲ್ಲೇ ಇತ್ತು. ತರಕಾರಿಗೆ ಹೋದಾಗ ಎರಡು ಬೀದಿ ಸುತ್ತು ಹಾಕಿ ಆ ಕಿಟಕಿಯನ್ನು ನೋಡಿ ಬರುತ್ತಿದ್ದಳು.

ಮೂರನೆಯ ವಾರದ ಒಂದು ಸಂಜೆ ಗುಬ್ಬಿ ಶಾಲೆಯಿಂದ ಚೀಲ ಎಳೆದುಕೊಂಡು ಓಡಿಬಂದಳು. "ಅಜ್ಜೀ! ಬಸ್ ಸ್ಟಾಪಲ್ಲಿ ನಾವಿದೀವಿ!"

ಎಲ್ಲರೂ ಚಪ್ಪಲಿ ಮೆಟ್ಟಿ ಹೊರಟರು. ಬೀದಿ ಕೊನೆಯ ಬಸ್ ನಿಲ್ದಾಣದ ಎದುರು, ಎರಡು ಅಂತಸ್ತಿನ ಎತ್ತರಕ್ಕೆ, ಆ ಭಾನುವಾರದ ಊಟ ನಿಂತಿತ್ತು. ಮರದ ಸಾಮಾನಿನ ಅಂಗಡಿಯೊಂದರ ಜಾಹೀರಾತು. ಅವರ ಸವೆದ ಮೇಜಿನ ಜಾಗದಲ್ಲಿ ಹೊಳೆಯುವ ಮೇಜು ಬಂದಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ 'ಎಲ್ಲರಿಗೂ ಜಾಗವಿರುವ ಮೇಜು' ಎಂದಿತ್ತು.

ಸೊಸೆ ಬೈಗುಳಕ್ಕೆ ಕಾದಳು.

"ರೀ," ಎಂದರು ಅತ್ತೆ ನೇರವಾಗಿ ಗಂಡನಿಗೇ, ಗುಬ್ಬಿಯ ಹಂಗಿಲ್ಲದೆ. "ನಿಮಗೆ ಹಲ್ಲು ಕಟ್ಟಿಸಿಬಿಟ್ಟಿದಾರಲ್ರೀ!"

ಮಾವ ಕನ್ನಡಕ ಸರಿಮಾಡಿಕೊಂಡು ನೋಡಿದರು. ನಿಜ. ಕಂಪ್ಯೂಟರಿನಲ್ಲಿ ಚೊಕ್ಕವಾದ ಹಲ್ಲೊಂದನ್ನು ಕೂರಿಸಿದ್ದರು. ಮಾವ ನಾಲಿಗೆಯಿಂದ ತಮ್ಮ ಖಾಲಿ ಜಾಗ ಮುಟ್ಟಿ ನೋಡಿಕೊಂಡು, "ಪರವಾಗಿಲ್ಲ, ಹೊಂದ್ಕೊಂಡಿದೆ," ಎಂದರು.

ಅಂದಿನಿಂದ ಅತ್ತೆಯ ನಡಿಗೆಯೇ ಬೇರೆಯಾಯಿತು. ತರಕಾರಿಯವಳು ಎದ್ದು ನಿಂತು ತೂಗಿದಳು. ದೂರದ ನೆಂಟರು ಫೋನು ಮಾಡಿದರು. ಬಸ್ಸಿಗೆ ಕಾಯುವ ಹೆಂಗಸರು, "ಈ ಕಾಲದಲ್ಲಿ ಹಿಂಗೆ ಒಟ್ಟಿಗೆ ಇರೋದು ನೋಡಿದ್ರೆ ಹೊಟ್ಟೆ ತಣ್ಣಗಾಗುತ್ತಮ್ಮ," ಎಂದರು. ಅತ್ತೆ ಸಂಜೆಯ ಸೊಪ್ಪು ಬಿಡಿಸುವ ಕೆಲಸವನ್ನು ನಿಲ್ದಾಣದ ಬೆಂಚಿಗೇ ಸಾಗಿಸಿದರು.

ಅಲ್ಲೇ ದರ್ಜಿಯ ಹೆಂಡತಿ ಸಿಕ್ಕಿದ್ದು.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಯಾರ ತಟ್ಟೆಗೂ ಅನ್ನ ಹಾಕಲಿಲ್ಲ. ಮಗನ ಮುಖವನ್ನೇ ನೋಡಿದರು.

"ಅಳತೆ ತಗೊಂಡು ಬಂದ್ರಂತೆ ದರ್ಜಿ ಹತ್ರ. ಯಾರಿಗೆ ಹೊಲಿಸ್ತಿದೀರಿ ಬಟ್ಟೆ?"

ಗಂಡ ನೀರಿನ ಲೋಟ ಎತ್ತಿದ.

"ಬಾಯಿಗೆ ನೀರು ತುಂಬ್ಕೊಬೇಡ. ಹೇಳು."

"ಅಮ್ಮ, ಅದು... ಸುಮ್ನೆ ನೋಡಿ ಬಂದ್ವಿ."

"ಅಳತೆ ತಗೊಂಡ್ರಂತಲ್ಲ? ನಾವೇನು ಮಾಡಿದೀವಿ ನಿಮಗೆ? ಊರೆಲ್ಲ ನಮ್ಮನ್ನ ನೋಡಿ ಹೊಗಳ್ತಿದೆ. ಆ ಬೋರ್ಡ್ ಕೆಳಗೆ ಗಂಟುಮೂಟೆ ಹೊತ್ಕೊಂಡು ಹೋಗ್ತೀರಾ? ನಾನು ಯಾವ ಮುಖ ಇಟ್ಕೊಂಡು ಬಸ್ ಸ್ಟಾಪಿಗೆ ಹೋಗ್ಲಿ?"

"ಬೋರ್ಡಿಗೂ ಇದಕ್ಕೂ ಏನಮ್ಮ ಸಂಬಂಧ?"

"ನಿನ್ನ ಹೆಂಡ್ತೀನ ಕೇಳು. ಫೋಟೊ ಹಿಡಿದವಳು ಅವಳು. ಅದನ್ನ ಜಗತ್ತಿಗೆ ಹಂಚಿದವಳು ಅವಳು. ಈಗ ನಾವು ಬೇಡ ಅನ್ನೋಳೂ ಅವಳೇ!"

ಮಾವ ಗಡಿಯಾರ ನೋಡಿದರು. "ಎಂಟೂ ಇಪ್ಪತ್ತು ಆಯ್ತು," ಎಂದರು ಮೆಲ್ಲಗೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ನೀವು ಬೇಡ ಅಂತಲ್ಲ ಅತ್ತೆ," ಎಂದಳು ಸೊಸೆ.

"ಮತ್ತೇನು ಬೇಕು ನಿನಗೆ? ಬಾಯಿಬಿಟ್ಟು ಹೇಳು. ಏನು ಕಡಿಮೆ ಮಾಡಿದೀವಿ?"

ಏನು ಹೇಳುವುದು? ಒಂದು ಬಾಗಿಲು ಬೇಕು, ಅದಕ್ಕೆ ಒಳಗಿನಿಂದ ಚಿಲಕ ಬೇಕು ಎಂದು ಯಾವ ಅತ್ತೆಯ ಎದುರು ಯಾವ ಸೊಸೆ ಹೇಳಿಯಾಳು? ಕಣ್ಣೆದುರು ಕಂಡದ್ದನ್ನು ಹೇಳಿಬಿಟ್ಟಳು.

"ನನಗೊಂದು ಮೇಜು ಬೇಕು. ಕೆಲಸಕ್ಕೆ. ಅಷ್ಟೇ."

"ಮೇಜಾ?" ಎಂದರು ಅತ್ತೆ. ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಒಂದು ಮೇಜಿಗೋಸ್ಕರ ಮನೆ ಒಡೀತಾರಾ?"

ಆಮೇಲೆ ಮಲಗುವಾಗ ಗಂಡ, "ಬೋರ್ಡ್ ಇಳಿಯೋವರೆಗೂ ತಡಿ ಕಣೆ. ಆಮೇಲೆ ಹೇಗೂ ಜನ ಮರೀತಾರೆ," ಎಂದ.

"ಅಷ್ಟರಲ್ಲಿ ಆ ಮನೆ ಹೋಗುತ್ತಲ್ರೀ."

"ಇನ್ನೊಂದು ಸಿಗುತ್ತೆ ಬಿಡು."

ಬೋರ್ಡು ತಾನಾಗಿ ಇಳಿಯದಿದ್ದರೆ ಇಳಿಸುವುದೆಂದು ಮರುದಿನ ಅವಳೇ ಮರದ ಅಂಗಡಿಗೆ ಹೋದಳು. ಪಾಲಿಷ್ ವಾಸನೆ, ಬೆಲೆಚೀಟಿ ನೇತುಹಾಕಿಕೊಂಡ ಮಂಚಗಳು. ಮ್ಯಾನೇಜರು ಮರ್ಯಾದಸ್ಥ. ಕುರ್ಚಿ ಕೊಟ್ಟು ಕೇಳಿಸಿಕೊಂಡ.

"ಮೇಡಂ, ನಾವು ಲೈಸೆನ್ಸ್ ಪ್ರಕಾರವೇ ತಗೊಂಡಿದೀವಿ. ಏರಿಸಿದ್ದು ನೀವೇ ತಾನೆ?"

"ಹೌದು. ತಪ್ಪಾಯ್ತು. ನಮ್ಮ ಮನೆಯಲ್ಲಿ ತೊಂದರೆ ಆಗ್ತಿದೆ. ತೆಗೆದುಬಿಡಿ."

"ತೆಗೆಯೋಕಾಗಲ್ಲ, ಇನ್ನೂ ಎರಡು ತಿಂಗಳಿದೆ." ಅವನು ಅದೇ ಚಿತ್ರ ಅಚ್ಚಾಗಿದ್ದ ಅಂಗಡಿಯ ಕರಪತ್ರ ಎತ್ತಿ ನೋಡಿದ. "ಅಂದಹಾಗೆ ನೀವೆಲ್ಲಿದೀರಿ ಇದರಲ್ಲಿ?"

ಅವಳು ತನ್ನ ಕೈಯನ್ನು ಕರಪತ್ರದ ಪಕ್ಕ ಇಟ್ಟು ತೋರಿಸಿದಳು. ಅದೇ ಬಳೆ.

"ಓ, ಈ ಕೈಯಾ? ಇಷ್ಟೇನಾ? ಇದನ್ನ ತೆಗೆಸಬಹುದು ಮೇಡಂ, ಏನೂ ಕಷ್ಟ ಇಲ್ಲ. ನಮ್ಮ ಡಿಸೈನರ್ ಆವತ್ತೇ ಕೇಳ್ದ, ಈ ಕೈ ಯಾಕೆ, ಅಡ್ಡ ಬರುತ್ತೆ ಅಂತ. ಹೇಗೂ ಮುಂದಿನ ವಾರ ಹೊಸ ಬ್ಯಾನರ್ ಹಾಕ್ತೀವಿ, ರೇಟು ಬದಲಾಯ್ತಲ್ಲ. ತೆಗೆಸಲಾ?"

ಅವಳು ಕರಪತ್ರವನ್ನು ಸ್ವಲ್ಪ ಹೊತ್ತು ನೋಡಿದಳು. ಆ ಕೈ ಹೋದರೆ ಈ ಮೇಜು ಅವರ ಮೇಜು, ಆ ನಗು ಅವರ ನಗು. ಅಲ್ಲಿ ಇಲ್ಲದವಳು ಎಲ್ಲಿಗೆ ಹೋದರೆ ಯಾರಿಗೇನು? ಒಳಗೆ ಏನೋ ಚುಚ್ಚಿದಂತಾಯಿತು. ಆದರೂ ಹಗುರವೂ ಆಯಿತು.

"ತೆಗೀರಿ," ಎಂದಳು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ದರ್ಜಿಗೆ ಮಾತ್ರ, "ಇನ್ನೊಂದು ವಾರ ತಡೀರಿ, ಬರ್ತೀವಿ," ಎಂದು ಹೇಳಿಬಂದಳು. ಆ ವಾರ ಫ್ರಿಜ್ಜಿನ ಮೇಲೆ ಲ್ಯಾಪ್‌ಟಾಪ್ ಏರಿಸುವಾಗ ಅವಳಿಗೆ ಸಿಟ್ಟೇ ಬರಲಿಲ್ಲ. ಇನ್ನೆಷ್ಟು ಸಲ, ಎಂದುಕೊಳ್ಳುತ್ತಿದ್ದಳು.

ಹೊಸ ಬ್ಯಾನರ್ ಗುರುವಾರ ಬಂತು. ಸಂಜೆ ಸೊಪ್ಪಿನ ಬುಟ್ಟಿ ಹಿಡಿದು ಹೋದ ಅತ್ತೆ ಐದೇ ನಿಮಿಷಕ್ಕೆ ಬುಟ್ಟಿಯೊಡನೆ ವಾಪಸು ಬಂದರು. ಮುಖ ಕೆಂಪಗಾಗಿತ್ತು.

"ಕೈ ಎಲ್ಲಿ?"

"ಯಾವ ಕೈ?" ಎಂದರು ಮಾವ.

"ಇವಳ ಕೈ ಕಣ್ರೀ! ತೆಗೆದುಹಾಕಿದಾರೆ! ನನ್ನ ಬಳೆ ಸಮೇತ ಅಳಿಸಿಬಿಟ್ಟಿದಾರೆ! ನಾವೆಲ್ಲ ಯಾರ ಕಡೆ ನೋಡಿ ನಗ್ತಿದೀವಿ ಈಗ? ಗೋಡೆ ನೋಡಿ ನಗ್ತಿದೀವಿ, ತಲೆಕೆಟ್ಟವರ ಥರ!"

"ಹೋಗ್ಲಿ ಬಿಡಿ ಅತ್ತೆ, ಒಂದು ಕೈ ತಾನೆ," ಎಂದಳು ಸೊಸೆ.

"ಒಂದು ಕೈಯಾ? ಆ ಮೇಜಲ್ಲಿ ಇರೋದೆಲ್ಲ ಬಡಿಸಿದ್ದು ಯಾರು? ಏ ಗುಬ್ಬೀ, ಚಪ್ಪಲಿ ಹಾಕ್ಕೊ!"

ಅಂಗಡಿಯಲ್ಲಿ ನಡೆದದ್ದನ್ನು ಗುಬ್ಬಿ ಆಮೇಲೆ ಅಭಿನಯ ಸಹಿತ ಹೇಳಿದಳು. ಅಜ್ಜಿ ಸೀದಾ ಹೋಗಿ ಬೆಲೆಚೀಟಿ ಇದ್ದ ಊಟದ ಮೇಜಿಗೆ ಕೂತುಬಿಟ್ಟರಂತೆ. "ಕೇಳದೆ ಹಲ್ಲು ಹಾಕಿದ್ರಿ, ಸುಮ್ಮನಿದ್ದೆ. ಕೈ ಕತ್ತರಿಸಿದ್ರೆ ಸುಮ್ಮನಿರಲ್ಲ. ನನ್ನ ಸೊಸೆ ಕೈ ವಾಪಸ್ ಹಾಕೋವರೆಗೂ ಏಳಲ್ಲ," ಎಂದರಂತೆ. ಗಿರಾಕಿಗಳು ಬೋರ್ಡಿನ ಅಜ್ಜಿ, ಬೋರ್ಡಿನ ಅಜ್ಜಿ ಎಂದು ಸುತ್ತ ನೆರೆದರಂತೆ. ಮ್ಯಾನೇಜರು ಬೆವರು ಒರೆಸಿಕೊಂಡನಂತೆ.

ಗುಬ್ಬಿಯ ಕಥೆ ಮುಗಿದ ಮೇಲೆ ಅತ್ತೆ ಸೊಸೆಯನ್ನು ನೋಡಿದರು.

"ಆ ಮ್ಯಾನೇಜರ್ ಏನೇನೋ ಅಂದ. ನೀನೇ ಬಂದು ತೆಗೀರಿ ಅಂದೆ ಅಂತ."

ಗಂಡ ತಟ್ಟನೆ ತಲೆಯೆತ್ತಿದ.

"ನಾನು ನಂಬಲಿಲ್ಲ," ಎಂದರು ಅತ್ತೆ. ಅವರ ಕಣ್ಣು ಸೊಸೆಯ ಕಣ್ಣಿನಿಂದ ಕದಲಲಿಲ್ಲ. "ಸುಳ್ಳು ಹೇಳ್ಬೇಡಪ್ಪ, ನನ್ನ ಸೊಸೆ ಅಂಥವಳಲ್ಲ ಅಂದೆ. ಸರಿ ತಾನೆ?"

ಹೌದು, ನಾನೇ ಹೇಳಿದ್ದು ಎಂದು ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಆಗಲೇ ಎಲ್ಲ ಹೊರಬೀಳುತ್ತಿತ್ತು; ಅವಳೂ ಹೊರಬೀಳುತ್ತಿದ್ದಳು. ಅತ್ತೆಯ ಕಣ್ಣಲ್ಲಿ ನೀರಿತ್ತು. ಅದೊಂದನ್ನು ದಾಟಲು ಅವಳಿಗೆ ಆಗಲಿಲ್ಲ.

"ಸರಿ ಅತ್ತೆ," ಎಂದಳು.

ಶನಿವಾರ ಕೈ ವಾಪಸು ಬಂತು. ಇಡೀ ಬ್ಯಾನರ್ ಮತ್ತೆ ಮಾಡಿಸಲು ಅವರಿಗೇನು ಹುಚ್ಚೇ? ಕೈಯನ್ನಷ್ಟೇ ಅಚ್ಚು ಹಾಕಿಸಿ ಮೇಲೆ ಅಂಟಿಸಿದ್ದರು. ಬಣ್ಣ ಸ್ವಲ್ಪ ಬೇರೆಯಾಗಿ, ಅಂಚು ಎದ್ದು ಕಾಣುತ್ತಿತ್ತು. ಅತ್ತೆ ಬೆಂಚಿನ ಮೇಲೆ ಕೂತು ಬಂದವರಿಗೆಲ್ಲ ತೋರಿಸಿದರು. "ನೋಡಿ, ಬಿಡಲಿಲ್ಲ ನಾನು."

ಸೋಮವಾರ ಬೆಳಿಗ್ಗೆ ಮರದ ಅಂಗಡಿಯ ಗಾಡಿ ಮನೆಮುಂದೆ ನಿಂತಿತು. ಇಬ್ಬರು ಆಳುಗಳು ಒಂದು ಚಿಕ್ಕ ಮೇಜು ಇಳಿಸಿದರು. ಪ್ರದರ್ಶನಕ್ಕೆ ಇಟ್ಟದ್ದು, ಒಂದು ಕಾಲಿಗೆ ಗೀರು ಬಿದ್ದಿತ್ತು. ಆದರೂ ಗಟ್ಟಿಯಾದ, ಒಳ್ಳೆಯ ಮೇಜು.

"ಇದೇನತ್ತೆ?"

"ನಿನಗೇ. ಅವತ್ತು ಅಲ್ಲಿ ಕೂತಾಗಲೇ ಮಾತಾಡಿಬಿಟ್ಟೆ. ನಮ್ಮ ಮುಖ ಇಟ್ಕೊಂಡು ವ್ಯಾಪಾರ ಮಾಡ್ತೀರಿ, ನನ್ನ ಸೊಸೆಗೆ ಕೂರೋಕೆ ಒಂದು ಮೇಜಿಲ್ಲ, ಕೊಡ್ರಪ್ಪ ಅಂದೆ. ಕೊಟ್ರು." ಅತ್ತೆಯ ಮುಖ ಅರಳಿತ್ತು. ಅದರಲ್ಲಿ ಕಪಟವಿರಲಿಲ್ಲ, ಅದೇ ಕಷ್ಟ. "ನೀನು ಕೇಳಿದ್ದು ಮೇಜು ತಾನೆ?"

ಎಲ್ಲಿ ಇಡುವುದು ಎಂಬ ಚರ್ಚೆಯಾಯಿತು. ಹಜಾರದಲ್ಲಿ ಇಟ್ಟರೆ ಮಾವನ ಕುರ್ಚಿಗೆ ಅಡ್ಡ. ಮಲಗುವ ಕೋಣೆಯಲ್ಲಿ ಮಂಚ ಬಿಟ್ಟರೆ ಗುಬ್ಬಿಗೆ ಓದಲೂ ಜಾಗವಿಲ್ಲ. ಗಂಡ ಟೇಪು ತಂದು ಮತ್ತೆ ಅಳೆದ. ಕೊನೆಗೆ ಅಡುಗೆಮನೆಯಲ್ಲಿ, ಒಲೆಕಟ್ಟೆಗೂ ಕಿಟಕಿಗೂ ನಡುವೆ, ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಬೆಳಕೂ ಇದೆ, ಒಲೆ ಮೇಲೆ ಕಣ್ಣೂ ಇರುತ್ತೆ," ಎಂದರು ಅತ್ತೆ. "ಇನ್ನು ಎತ್ತೋದು ಇಳಿಸೋದು ಇಲ್ಲ. ಎಷ್ಟು ಹೊತ್ತು ಬೇಕಾದ್ರೂ ಕೂತ್ಕೊ. ಯಾರೂ ಏಳು ಅನ್ನಲ್ಲ."

"ಈಗ ಖುಷಿನಾ?" ಎಂದು ಗಂಡ ಕೇಳಿದ. ಅವನ ಮುಖದಲ್ಲಿ ದೊಡ್ಡ ಭಾರ ಇಳಿದ ನೆಮ್ಮದಿ. ಅವಳು ಪರ್ಸಿನಿಂದ ಬೀಗದ ಕೈ ತೆಗೆದು ಅವನ ಅಂಗಿ ಜೇಬಿಗೆ ಹಾಕಿದಳು.

"ಕೆಲಸಕ್ಕೆ ಹೋಗ್ತಾ ದರ್ಜಿಗೆ ಕೊಟ್ಟುಬಿಡಿ. ಇವತ್ತೇ ಕೊನೆ ದಿನ."

ಅವನು ಜೇಬು ತಡವಿ ನೋಡಿಕೊಂಡು ಹೊರಟ.

ಹತ್ತು ಗಂಟೆಗೆ ಅವಳು ಹೊಸ ಮೇಜಿಗೆ ಕೂತಳು. ಲ್ಯಾಪ್‌ಟಾಪು ಎಡಕ್ಕೆ, ನೋಟ್‌ಬುಕ್ಕು ಬಲಕ್ಕೆ. ಪಕ್ಕದಲ್ಲೇ ಅತ್ತೆ ಹಾಲಿಗೆ ಒಲೆ ಹಚ್ಚಿ, "ಬಟ್ಟೆ ಒಣಹಾಕಿ ಬರ್ತೀನಿ," ಎಂದು ಹೋದರು. ಹೊಸ ಗಿರಾಕಿ ಒಬ್ಬ ಸಂದೇಶ ಕಳಿಸಿದ್ದ. ಚಹಾಪುಡಿ ವ್ಯಾಪಾರಿ. ಒಂದು ಸುಖೀ ಕುಟುಂಬದ ಚಿತ್ರ ಬೇಕು, ಬಿಟ್ಟಿ ಸಿಕ್ಕಿದರೆ ಒಳ್ಳೆಯದು. ಅವಳು ಆ ಸೈಟು ತೆರೆದು 'ಕುಟುಂಬ, ಊಟ, ನಗು' ಎಂದು ಬರೆದಳು. ಮೊದಲ ಸಾಲಿನ ಮೊದಲ ಚಿತ್ರ ಬಂತು. ಅತ್ತೆಯ ಸೆರಗು, ಮಾವನ ಹಲ್ಲಿನ ಖಾಲಿ ಜಾಗ, ಬಲಗಡೆ ಸೌಟು ಹಿಡಿದ ಕೈ. ಒಂಬತ್ತು ಸಾವಿರದಷ್ಟು ಜನ ಇಳಿಸಿಕೊಂಡಿದ್ದರು. ಎಲ್ಲೆಲ್ಲಿ, ಯಾವ ಯಾವ ಊರಿನ ಗೋಡೆಗಳ ಮೇಲೆ ಅವಳು ಬಡಿಸುತ್ತ ನಿಂತಿದ್ದಾಳೋ ಅವಳಿಗೇ ತಿಳಿಯದು.

ಬಾಗಿಲು ಎಂದು ಹೇಳಬೇಕಿತ್ತು ಅಂದುಕೊಂಡಳು. ಅವತ್ತೇ ಹೇಳಬೇಕಿತ್ತು.

"ಹಾಲು ನೋಡೇ!" ಎಂದು ಹಿತ್ತಿಲಿನಿಂದ ಅತ್ತೆ ಕೂಗಿದರು.

ಅವಳು ಪರದೆಯಿಂದ ಕಣ್ಣೆತ್ತಲಿಲ್ಲ. ಎದ್ದೇಳುವ ಅಗತ್ಯವೂ ಇರಲಿಲ್ಲ. ಬಲಗೈ ತಾನಾಗಿ ಪಕ್ಕಕ್ಕೆ ಚಾಚಿ ಒಲೆ ಆರಿಸಿತು.